ಅಂಗಡಿಗೂ ಮಳೆ ಬೇಕು

ಮುರಗೋಡ, ಬೈಲಹೊಂಗಲ, ಯರಗಟ್ಟಿ ಕಡೆ ಕಟ್ಟೆಗೆ ಕೂತರೆ ಈಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಎರಡೆಕರೆ ಹೊಲಾ ಮಾರಿ ರೋಡಿಗೆ ಹಚ್ಚಿ ಎರಡು ಅಂಗಡಿ ತಗೋರಿ. ಮಳಿ ಆಗ್ಲಿ ಬಿಡ್ಲಿ, ಒಂದನೇ ತಾರೀಖಿಗೆ ಬಾಡಗಿ ಬರತೈತಿ.” ಮೋಡ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡವರಿಗೆ ಇದಕ್ಕಿಂತ ಹಿತವಾದ ಮಾತು ಇನ್ನೊಂದಿಲ್ಲ.

ಆದರೆ ಆ ಅಂಗಡಿಯೊಳಗೆ ಕೂಡುವವನು ಯಾರು? ಬೀಜ-ಗೊಬ್ಬರದವನು, ಬಟ್ಟೆಯವನು, ಖಾನಾವಳಿಯವನು, ಮೋಟರ್ ರಿವೈಂಡಿಂಗ್ ಮಾಡುವವನು. ಅವರ ಗಿರಾಕಿ ಯಾರು? ಹತ್ತಿ, ಕಡಲೆ, ಗೋವಿನಜೋಳ, ಕಬ್ಬು ಬೆಳೆಯುವ ಅದೇ ರೈತ. ಅವನ ಕೈಗೆ ಬಿಲ್ಲು ಬಂದರೆ ಪೇಟೆಯ ಉದ್ರಿ ತೀರುತ್ತದೆ, ಉದ್ರಿ ತೀರಿದರೆ ನಿಮ್ಮ ಬಾಡಿಗೆ ಬರುತ್ತದೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನ ದರಕ್ಕಾಗಿ ರೈತರು ರಸ್ತೆಯಲ್ಲೇ ಕೂತಿದ್ದು ನೆನಪಿರಬೇಕು; ಅಲ್ಲಿ ಚರ್ಚೆಯಾದದ್ದು ಕಬ್ಬಿನ ದರ ಮಾತ್ರವಲ್ಲ, ಸುತ್ತಲಿನ ಪೇಟೆಗಳ ಮುಂದಿನ ಆರು ತಿಂಗಳ ವ್ಯಾಪಾರವೂ ಹೌದು. ಹೊಲ ಮಾರಿ ಅಂಗಡಿ ಕೊಂಡವನು ಮಳೆಯಿಂದ ತಪ್ಪಿಸಿಕೊಂಡಿಲ್ಲ, ಅದರಿಂದ ಒಂದು ಹೆಜ್ಜೆ ಹಿಂದೆ ಸರಿದಿದ್ದಾನೆ, ಅಷ್ಟೇ.

ಹಾಗಾಗಿ ಕಟ್ಟಡ ತೋರಿಸುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ “ಈಗ ಬಾಡಿಗೆ ಎಷ್ಟು” ಎಂಬುದಲ್ಲ. 2023ರ ಬರದ ವರ್ಷ ಎಷ್ಟು ಬಂತು? 2019ರ ಆಗಸ್ಟ್‌ನಲ್ಲಿ ಏನಾಗಿತ್ತು? ಆ ವರ್ಷ ಮಲಪ್ರಭೆ ಉಕ್ಕಿ ರಾಮದುರ್ಗ, ಮುನವಳ್ಳಿಯ ಮನೆ-ಅಂಗಡಿಗಳಿಗೆ ನೀರು ನುಗ್ಗಿತ್ತು. “ಮಾರ್ಕೆಟ್ ನಡುವಿನ ಜಾಗ ಅಂದ್ರ ಬಂಗಾರ” ಎನ್ನುವವರು ಗೋಡೆಗೆ ಹೊಸ ಬಣ್ಣ ಹೊಡೆಸಿರುತ್ತಾರೆ. ಪಕ್ಕದ ಅಂಗಡಿಯವನನ್ನು ಕೇಳಿದರೆ ನೀರು ಎಲ್ಲಿಯವರೆಗೆ ನಿಂತಿತ್ತೆಂದು ಕೈಯಿಟ್ಟು ತೋರಿಸುತ್ತಾನೆ.

ಸವದತ್ತಿ ಎಲ್ಲಮ್ಮನ ಗುಡ್ಡದ ದಾರಿಯ ಅಂಗಡಿಗಳದು ಇನ್ನೊಂದು ಮಾಯೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಹೋಗಿ ನೋಡಿದವನಿಗೆ ಜನಸಾಗರ ಕಾಣುತ್ತದೆ. ತಲೆಯಲ್ಲಿ ಅದನ್ನೇ ಹನ್ನೆರಡರಿಂದ ಗುಣಿಸಿಬಿಡುತ್ತಾನೆ. ಕೊಳ್ಳುವ ಅಂಗಡಿಯನ್ನು ಜಾತ್ರೆಯ ದಿನ ನೋಡಬೇಡಿ, ಸಂತೆಯ ದಿನವೂ ಬೇಡ. ಸುಡು ಬೇಸಿಗೆಯ ಒಂದು ಬುಧವಾರ ಮಧ್ಯಾಹ್ನ ಹೋಗಿ ಎದುರಿನ ಚಹಾ ಅಂಗಡಿಯಲ್ಲಿ ಎರಡು ತಾಸು ಕೂತು, ಎಷ್ಟು ಜನ ಒಳಗೆ ಹೋದರು, ಎಷ್ಟು ಜನ ಕೈಯಲ್ಲಿ ಚೀಲ ಹಿಡಿದು ಹೊರಗೆ ಬಂದರು ಎಂದು ಎಣಿಸಿ.

ಇನ್ನು ಲೆಕ್ಕದ ಮಾತು. “ನಲವತ್ತು ಲಕ್ಷದ ಬಿಲ್ಡಿಂಗ, ತಿಂಗಳಾ ಇಪ್ಪತ್ತು ಸಾವಿರ ಬಾಡಗಿ, ಅಂದ್ರ ಆರು ಪರ್ಸೆಂಟ” ಎಂದು ದಲಾಲರು ಬೆರಳೆಣಿಸಿ ಹೇಳುತ್ತಾರೆ. ಗುಣಾಕಾರ ಸರಿ, ಲೆಕ್ಕ ತಪ್ಪು. ಉದಾಹರಣೆಗೆ ಕೆಳಗೆ ತಲಾ 7,000 ರೂಪಾಯಿಯ ಎರಡು ಅಂಗಡಿ, ಮೇಲೆ 6,000 ರೂಪಾಯಿಯ ಒಂದು ಮನೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2,40,000. ಆದರೆ ನಿಮ್ಮ ಕಿಸೆಯಿಂದ ಹೋಗುವುದು 40 ಲಕ್ಷವಲ್ಲ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ. 5, ಸೆಸ್ಸು, ಸರ್‌ಚಾರ್ಜು ಕೂಡಿ ಹಳ್ಳಿಯ ಕಡೆ ಶೇ. 5.65 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ಎರಡೂ ಸೇರಿ 3,06,000. ಅಲ್ಲಿಗೆ ಬೆಲೆ 43,06,000 ಆಯಿತು. ದಲಾಲಿ, ವಕೀಲರ ಫೀ ಬೇರೆ.

ಬಾಡಿಗೆಯೂ ಹನ್ನೆರಡು ತಿಂಗಳು ಬರುವುದಿಲ್ಲ. ಒಂದು ಅಂಗಡಿ ಎರಡು ತಿಂಗಳು, ಮೇಲಿನ ಮನೆ ಒಂದು ತಿಂಗಳು ಖಾಲಿ ಬಿದ್ದರೆ 20,000 ಹೋಯಿತು. ಪಂಚಾಯಿತಿ ಕರ, ಸೋರುವ ಸ್ಲ್ಯಾಬು, ತುಕ್ಕು ಹಿಡಿದ ಶಟರ್, ಬೋರಿನ ಮೋಟರ್ ಎಂದು ವರ್ಷಕ್ಕೆ 24,000 ಹಿಡಿದರೂ ಕೈಯಲ್ಲಿ ಉಳಿಯುವುದು 1,96,000. ಅಂದರೆ ಶೇ. 4.5ರ ಆಸುಪಾಸು. ಆ ಆರು ಪರ್ಸೆಂಟು ಬಾಯಲ್ಲೇ ಉಳಿಯಿತು. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಬಾಡಿಗೆಗೆ ಇದೆ ಎಂಬುದನ್ನೂ ರೈತ ಮರೆಯಬಾರದು. ಸ್ಥಳೀಯ ಕರ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30ನ್ನು ಕಾನೂನೇ ಬಿಟ್ಟುಕೊಡುತ್ತದೆ. ರಿಪೇರಿಗೆ ಅದಕ್ಕಿಂತ ಹೆಚ್ಚು ಸುರಿದಿದ್ದರೂ ಹೆಚ್ಚು ಕೇಳುವಂತಿಲ್ಲ.

“ಸಾಲಾ ಮಾಡ್ರಿ, ಬಾಡಗಿನ ಕಂತು ತುಂಬತೈತಿ” ಎಂಬುದು ಆ ಆರು ಪರ್ಸೆಂಟಿನ ಮಾತಿನದೇ ತಮ್ಮ. 25 ಲಕ್ಷ ಸಾಲ, ಶೇ. 9 ಬಡ್ಡಿ, 15 ವರ್ಷ ಎಂದರೆ ತಿಂಗಳ ಕಂತು 25,357 ರೂಪಾಯಿ. ಎಲ್ಲ ಮಳಿಗೆ ತುಂಬಿದ್ದರೂ ಬಾಡಿಗೆ 20,000. ಉಳಿದದ್ದನ್ನು ಮತ್ತೆ ಹೊಲವೇ ಕಟ್ಟಬೇಕು, ಅದನ್ನು ಮಾರಿರದಿದ್ದರೆ. ಹಾಗೆಂದು ಕೊಳ್ಳಲೇಬಾರದು ಎನ್ನುತ್ತಿಲ್ಲ. ಜಾಗದ ಬೆಲೆ ಏರಬಹುದು. ಆದರೆ ಅದು ಬೇರೆ ಆಟ: ಬಾಡಿಗೆಗಾಗಿ ಕೊಳ್ಳುತ್ತಿದ್ದೇನೋ ಏರುವ ಬೆಲೆಗಾಗಿಯೋ ಎಂಬುದನ್ನು ಮನೆಯವರ ಮುಂದೆ ಬಾಯಿಬಿಟ್ಟು ಹೇಳಿಕೊಂಡಿರಬೇಕು. ಕಿತ್ತೂರು ತಾಲ್ಲೂಕಾಯಿತು, 2020ರಲ್ಲಿ ಕಿತ್ತೂರಿನ ಮೇಲೆ ಧಾರವಾಡ–ಬೆಳಗಾವಿ ರೈಲು ಮಾರ್ಗ ಮಂಜೂರಾಯಿತು, ಎಲ್ಲಮ್ಮನ ಗುಡ್ಡಕ್ಕೆ ಕೇಂದ್ರದಿಂದ 100 ಕೋಟಿ ಎಂದು ಸುದ್ದಿ ಬಂತು. ಪ್ರತಿ ಸಲವೂ ಪ್ಲಾಟಿನ ದರ ಘೋಷಣೆಯ ಮರುದಿನವೇ ಏರುತ್ತದೆ. ರೈಲು ಬರುವ ಮೊದಲೇ ರೈಲಿನ ಬೆಲೆ ಕೊಟ್ಟವನಿಗೆ ರೈಲು ಬಂದ ಮೇಲೆ ಸಿಗುವುದು ಕಡಿಮೆ.

ಬ್ಯಾಂಕಿಗೆ ಬಾಡಿಗೆ ಕೊಟ್ಟರೆ ಜೀವಮಾನದ ಚಿಂತೆ ಇಲ್ಲ ಎಂಬುದೂ ಹಳೆಯ ನಂಬಿಕೆ. ಬ್ಯಾಂಕು ಬಾಡಿಗೆ ತಪ್ಪಿಸುವುದಿಲ್ಲ ನಿಜ. ಆದರೆ 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬರೋಡಾದೊಳಗೆ ಸೇರಿತು. ಮರುವರ್ಷ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್‌ನೊಳಗೆ ಹೋದವು. 2025ರ ಮೇ 1ರಂದು ನಮ್ಮ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಇನ್ನೊಂದರ ಜೊತೆ ಕೂಡಿ ಹೊಸ ಹೆಸರು ಪಡೆಯಿತು. ಒಂದೇ ರಸ್ತೆಯಲ್ಲಿ ಎರಡು ಶಾಖೆ ಇದ್ದರೆ ಒಂದು ಎದ್ದುಹೋಗುವುದು ಸಹಜ. ಆಗ ಮಾಲಕನ ಪಾಲಿಗೆ ಉಳಿಯುವುದು ದಪ್ಪ ಗೋಡೆಯ, ಕಿಟಕಿಯಿಲ್ಲದ ಸ್ಟ್ರಾಂಗ್ ರೂಮು. ಅದರಲ್ಲಿ ಕಿರಾಣಿ ಇಡಲು ಯಾರೂ ಬರುವುದಿಲ್ಲ.

ಕಾಗದದ ವಿಷಯಕ್ಕೆ ಬಂದರೆ ನಮ್ಮ ಕಡೆಯ ದೊಡ್ಡ ನಂಬಿಕೆ ಒಂದೇ: “ಉತಾರದಾಗ ಹೆಸರೈತಿ, ಮತ್ತೇನ ಬೇಕು?” ಉತಾರ ಹೇಳುವುದು ಕರ ಯಾರ ಹೆಸರಿನಲ್ಲಿದೆ ಎಂದು. ಮಾಲಕತ್ವ ಬರುವುದು ಖರೇದಿ ಪತ್ರ, ವಾಟ್ನಿ ಪತ್ರ, ದಾನಪತ್ರ, ವಾರಸಾ ಇವುಗಳಿಂದ. ಅಣ್ಣನೊಬ್ಬನ ಹೆಸರು ಉತಾರದಲ್ಲಿದ್ದು, ಆಸ್ತಿ ಅಜ್ಜನ ಕಾಲದ್ದಾಗಿದ್ದರೆ ಅಕ್ಕತಂಗಿಯರ ಪಾಲು ಎಲ್ಲಿ ಹೋಯಿತು ಎಂದು ಕೇಳಲೇಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. “ಅವರಿಗೆ ಮದವ್ಯಾಗ ಬಂಗಾರ ಹಾಕೇವಿ” ಎಂಬ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. ಅವರ ಸಹಿ ಖರೇದಿ ಪತ್ರದ ಮೇಲೆ ಇರಲಿ.

ಋಣಭಾರ ಪತ್ರ, ಅಂದರೆ ಇ.ಸಿ., ನೋಂದಣಿಯಾದದ್ದನ್ನು ಮಾತ್ರ ತೋರಿಸುತ್ತದೆ. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ 16. ಇನ್ನೊಬ್ಬನಿಗೆ ಬರೆದುಕೊಟ್ಟ ನೋಂದಣಿಯಿಲ್ಲದ ಸಂಚಕಾರ ಪತ್ರ ಅದರಲ್ಲಿ ಕಾಣುವುದಿಲ್ಲ. ಪಂಚಾಯಿತಿ ಹದ್ದಿನ ಆಸ್ತಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11-ಎ ಇದೆಯೋ, 11-ಬಿ ಇದೆಯೋ ನೋಡಬೇಕು. ಊರಗಾಂವಠಾಣದೊಳಗಿನ, ಇಲ್ಲವೇ ಬಿನ್‌ಶೇತ್ಕಿಯಾಗಿ ನಕ್ಷೆ ಮಂಜೂರಾದ ಜಾಗಕ್ಕೆ ಸಿಗುವುದು ಮೊದಲನೆಯದು. 11-ಬಿಯನ್ನು ತೋರಿಸಿ “ಇದೂ ಉತಾರನ” ಎನ್ನುವವರ ಮುಂದೆ ಬ್ಯಾಂಕಿನವರನ್ನು ಸಾಲ ಕೇಳಿ ನೋಡಿ. ಅವರ ಮುಖವೇ ಹೇಳುತ್ತದೆ.

ಎಲ್ಲಕ್ಕಿಂತ ಆಳದ ಭಯ: “ಹನ್ನೆರಡು ವರ್ಷ ಇದ್ರ ಬಾಡಗಿದಾರನ ಮಾಲಕ ಆಗತಾನ.” ಈ ಭಯಕ್ಕೆ ಬೇರು ಇದೆ. 1974ರ ಮಾರ್ಚ್ 1ರಂದು ಉಳುವವನೇ ಹೊಲದೊಡೆಯನಾದದ್ದನ್ನು ಈ ಸೀಮೆಯ ಮನೆಮನೆಯೂ ಕಂಡಿದೆ. ಕೆಲವರು ಪಡೆದರು, ಕೆಲವರು ಕಳೆದುಕೊಂಡರು. ಲಾವಣಿ ಕೊಟ್ಟು ಹೊಲ ಹೋಯಿತು ಎಂಬ ನೆನಪೇ ಅಂಗಡಿಗೂ ಹಬ್ಬಿದೆ. ಆದರೆ ಆ ಭೂ ಸುಧಾರಣಾ ಕಾಯ್ದೆ ಸಾಗುವಳಿ ಜಮೀನಿನದು. ಅಂಗಡಿಯವನು ನಿಮ್ಮ ಒಪ್ಪಿಗೆಯಿಂದ ಕೂತವನು. ಬಾಡಿಗೆದಾರನಾಗಿ ಎಷ್ಟು ವರ್ಷ ಕೂತರೂ ಅಷ್ಟರಿಂದಲೇ ಒಡೆತನ ಹುಟ್ಟುವುದಿಲ್ಲ. ಹನ್ನೆರಡು ವರ್ಷದ ಮಾತು ಒಪ್ಪಿಗೆಯಿಲ್ಲದೆ, ನಿಮ್ಮ ಹಕ್ಕನ್ನೇ ಅಲ್ಲಗಳೆದು ಬಹಿರಂಗವಾಗಿ ಕೂತವನದು. ಆದ್ದರಿಂದ ಕರಾರು ಪತ್ರ ಇರಲಿ, ಬಾಡಿಗೆ ಬ್ಯಾಂಕಿನ ಮೂಲಕ ಬರಲಿ.

ಹಾಗೆಂದು ಬಿಡಿಸುವುದು ಸುಲಭ ಎಂದುಕೊಂಡರೆ ಅದು ಎದುರು ದಿಕ್ಕಿನ ತಪ್ಪು. 14 ಚದರ ಮೀಟರ್‌ಗಿಂತ ದೊಡ್ಡ ವ್ಯಾಪಾರಿ ಮಳಿಗೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ, ತಿಂಗಳ ಬಾಡಿಗೆಗೆ 15 ದಿನದ ನೋಟಿಸು ಸಾಕು, ಸರಿ. ನೋಟಿಸಿಗೆ ಅವನು ಏಳದಿದ್ದರೆ ದಾವೆಯೇ ಗತಿ. ನೀವೇ ಹೋಗಿ ಬೀಗ ಜಡಿಯುವಂತಿಲ್ಲ.

ಕಟ್ಟಡ ಕೊಂಡವನು ಬಾಡಿಗೆದಾರರನ್ನೂ ಕೊಂಡ ಹಾಗೆಯೇ. ಹಳೆಯ ಮಾಲಕನ ಜಾಗದಲ್ಲಿ ನೀವು ನಿಲ್ಲುತ್ತೀರಿ, ಕರಾರಿನ ಅವಧಿಯನ್ನೂ ಪಾಲಿಸಬೇಕಾಗುತ್ತದೆ. ಅವರು ಕೊಟ್ಟ ಡಿಪಾಜಿಟ್ಟನ್ನು ನಾಳೆ ನಿಮ್ಮನ್ನೇ ಕೇಳುತ್ತಾರೆ. ಮೂವರು ಬಾಡಿಗೆದಾರರು ಒಟ್ಟು ಒಂದೂವರೆ ಲಕ್ಷ ಕೊಟ್ಟಿದ್ದರೆ ಅದನ್ನು ಬೆಲೆಯಲ್ಲೇ ಮುರಿದುಕೊಳ್ಳಬೇಕು. ಮಾಲಕನ ಎದುರಿಗಲ್ಲ, ಒಬ್ಬೊಬ್ಬರನ್ನೇ ಬೇರೆಯಾಗಿ ಕಂಡು “ಡಿಪಾಜಿಟ್ ಎಷ್ಟು ಕೊಟ್ಟೀರಿ, ಬಾಡಗಿ ಯಾವ ತಿಂಗಳತನಾ ಕೊಟ್ಟೀರಿ, ಕರೆಂಟ್ ಬಿಲ್ ಯಾರ ಹೆಸರಿಗೈತಿ” ಎಂದು ಕೇಳಿ ಬರೆದುಕೊಳ್ಳಿ, ಅವರ ಸಹಿಯನ್ನೂ ಹಾಕಿಸಿಕೊಳ್ಳಿ. ಇದೆಲ್ಲ ಸಂಚಕಾರದ ದುಡ್ಡು ಎಣಿಸುವ ಮೊದಲು. ಮಾರುವವನು ಇಪ್ಪತ್ತು ಸಾವಿರ ಎಂದ ಬಾಡಿಗೆ ಹದಿನಾಲ್ಕಕ್ಕೆ ಇಳಿಯುವುದು, ಖರೇ ಹೇಳಬೇಕೆಂದರೆ, ಹೆಚ್ಚಾಗಿ ಈ ಮಾತುಕತೆಯಲ್ಲೇ.