ಡೂಕಿ (ಗೀತಸಂಪುಟ)

ಡೂಕಿ ಅಮೆರಿಕದ ಪಂಕ್ ರಾಕ್ ವಾದ್ಯವೃಂದವಾದ ಗ್ರೀನ್ ಡೇಯ ಮೂರನೆಯ ಗೀತಸಂಪುಟ. ಇದು 1994ರ ಫೆಬ್ರವರಿ 1ರಂದು ರಿಪ್ರೈಸ್ ರೆಕಾರ್ಡ್ಸ್ ಸಂಸ್ಥೆಯಿಂದ ಬಿಡುಗಡೆಯಾಯಿತು. ಗಾಯಕ ಹಾಗೂ ಗಿಟಾರ್ ವಾದಕ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್, ಬೇಸ್ ಗಿಟಾರ್ ವಾದಕ ಮೈಕ್ ಡರ್ನ್ಟ್ ಮತ್ತು ಡ್ರಮ್ ವಾದಕ ಟ್ರೇ ಕೂಲ್ ಈ ವೃಂದದ ಸದಸ್ಯರು. ಸಂಪುಟ ಹೊರಬಂದಾಗ ಈ ಮೂವರಿಗೂ ಇಪ್ಪತ್ತೊಂದು ವರ್ಷ ವಯಸ್ಸು. ರಾಬ್ ಕವಾಲೋ ಅವರು ವೃಂದದೊಡನೆ ಸೇರಿ ಇದನ್ನು ನಿರ್ಮಿಸಿದರು.

ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಏರಿದ ಡೂಕಿ, 1999ರ ಹೊತ್ತಿಗೆ ಆ ದೇಶವೊಂದರಲ್ಲೇ ಒಂದು ಕೋಟಿ ಪ್ರತಿಗಳ ಪ್ರಮಾಣಪತ್ರವನ್ನು ಪಡೆಯಿತು. ಅಲ್ಲಿಯವರೆಗೆ ಸಣ್ಣ ಸಭಾಂಗಣಗಳಿಗೂ ಸಣ್ಣ ಸಂಸ್ಥೆಗಳಿಗೂ ಸೀಮಿತವಾಗಿದ್ದ ಅಮೆರಿಕದ ಪಂಕ್ ಸಂಗೀತವನ್ನು ಸಾಮಾನ್ಯ ಕೇಳುಗರ ಬಳಿಗೆ ತಂದ ಪ್ರಮುಖ ಸಂಪುಟವೆಂದು ಇದನ್ನು ಪರಿಗಣಿಸಲಾಗುತ್ತದೆ. ಬೇಸರ, ಆತಂಕ, ಒಂಟಿತನ ಮುಂತಾದ ಅಂತರಂಗದ ಸಂಗತಿಗಳನ್ನು ಸುಲಭವಾಗಿ ನೆನಪಿನಲ್ಲಿ ಉಳಿಯುವ ಧಾಟಿಗಳಲ್ಲಿ, ಮುಚ್ಚುಮರೆಯಿಲ್ಲದೆ ಹೇಳಿರುವುದು ಇದರ ನಿರಂತರ ಜನಪ್ರಿಯತೆಗೆ ಮುಖ್ಯ ಕಾರಣ.

ಹಿನ್ನೆಲೆ

ಪಂಕ್ ರಾಕ್ 1970ರ ದಶಕದ ಮಧ್ಯಭಾಗದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ರೂಪುಗೊಂಡ ಸಂಗೀತ ಪ್ರಕಾರ. ಅಂದಿನ ರಾಕ್ ಸಂಗೀತದ ದೀರ್ಘ ವಾದನ, ಆಡಂಬರ ಮತ್ತು ದುಬಾರಿ ರಂಗಸಜ್ಜಿಕೆಗಳಿಗೆ ಪ್ರತಿಯಾಗಿ ಇದು ಚಿಕ್ಕದಾದ, ವೇಗದ, ಮೂರ್ನಾಲ್ಕು ಸ್ವರಮೇಳಗಳ ಹಾಡುಗಳನ್ನು ಮುಂದಿಟ್ಟಿತು. 1976ರಲ್ಲಿ ಬಂದ ರಮೋನ್ಸ್ ವೃಂದದ ಮೊದಲ ಸಂಪುಟ ಮತ್ತು 1977ರಲ್ಲಿ ಬಂದ ಸೆಕ್ಸ್ ಪಿಸ್ಟಲ್ಸ್ ವೃಂದದ ಸಂಪುಟ ಈ ಪ್ರಕಾರದ ಆರಂಭಿಕ ಮೈಲಿಗಲ್ಲುಗಳು. 1980ರ ದಶಕದಲ್ಲಿ ಅಮೆರಿಕದ ಪಂಕ್ ದೊಡ್ಡ ಮಾರುಕಟ್ಟೆಯಿಂದ ದೂರವೇ ಉಳಿಯಿತು. ತಾವೇ ಧ್ವನಿಮುದ್ರಿಸಿ, ತಾವೇ ಮಾರಿ, ಸಣ್ಣ ವ್ಯಾನುಗಳಲ್ಲಿ ಊರೂರು ಸುತ್ತುವ ಸ್ವಾವಲಂಬನೆಯೇ ಅದರ ನೀತಿಯಾಗಿ ಬೆಳೆಯಿತು.

ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ನಗರದಲ್ಲಿರುವ ‘924 ಗಿಲ್ಮನ್ ಸ್ಟ್ರೀಟ್’ ಎಂಬ ಸಭಾಂಗಣ ಈ ನೀತಿಯ ಒಂದು ಪ್ರಮುಖ ಕೇಂದ್ರ. 1986ರ ಕೊನೆಯ ದಿನ ಆರಂಭವಾದ ಇದನ್ನು ಸ್ವಯಂಸೇವಕರು ನಡೆಸುತ್ತಾರೆ. ಎಲ್ಲ ವಯಸ್ಸಿನವರಿಗೂ ಇಲ್ಲಿ ಪ್ರವೇಶವುಂಟು. ಮದ್ಯ, ಹಿಂಸೆ ಮತ್ತು ಜನಾಂಗದ್ವೇಷಕ್ಕೆ ಅವಕಾಶವಿಲ್ಲ. ದೊಡ್ಡ ಧ್ವನಿಮುದ್ರಣ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡ ವೃಂದಗಳಿಗೆ ಇಲ್ಲಿನ ವೇದಿಕೆ ಇಲ್ಲ ಎಂಬುದೂ ಅದರ ನಿಯಮಗಳಲ್ಲಿ ಒಂದಾಗಿತ್ತು.

ಆರ್ಮ್‌ಸ್ಟ್ರಾಂಗ್ ಬೆಳೆದದ್ದು ಬರ್ಕ್ಲಿಗೆ ಉತ್ತರದಲ್ಲಿ, ತೈಲ ಶುದ್ಧೀಕರಣ ಘಟಕದ ಪಕ್ಕದಲ್ಲಿರುವ ರೋಡಿಯೋ ಎಂಬ ಪಟ್ಟಣದಲ್ಲಿ. ಲಾರಿ ಚಾಲಕರೂ ಜಾಝ್ ವಾದಕರೂ ಆಗಿದ್ದ ಅವರ ತಂದೆ 1982ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡುತ್ತಿದ್ದ ತಾಯಿ ಕುಟುಂಬವನ್ನು ಸಾಕಿದರು. ತಾಯಿ ಕೊಡಿಸಿದ ನೀಲಿ ಬಣ್ಣದ ಗಿಟಾರ್‌ನ್ನೇ ಆರ್ಮ್‌ಸ್ಟ್ರಾಂಗ್ ಡೂಕಿಯ ಕಾಲದಲ್ಲಿಯೂ ನುಡಿಸುತ್ತಿದ್ದರು. ಬಾಲ್ಯದ ಗೆಳೆಯ ಡರ್ನ್ಟ್ ಅವರೊಡನೆ 1987ರಲ್ಲಿ ಅವರು ಕಟ್ಟಿದ ‘ಸ್ವೀಟ್ ಚಿಲ್ಡ್ರನ್’ ಎಂಬ ವೃಂದವೇ ಮುಂದೆ ಗ್ರೀನ್ ಡೇ ಎಂಬ ಹೆಸರು ಪಡೆಯಿತು. ಲುಕ್‌ಔಟ್ ರೆಕಾರ್ಡ್ಸ್ ಎಂಬ ಸಣ್ಣ ಸಂಸ್ಥೆಯು ಇವರ ಮೊದಲ ಎರಡು ಸಂಪುಟಗಳನ್ನು ಹೊರತಂದಿತು. 1990ರಲ್ಲಿ ಟ್ರೇ ಕೂಲ್ ವೃಂದವನ್ನು ಸೇರಿದರು. ಈ ಅವಧಿಯಲ್ಲಿ ಗಿಲ್ಮನ್ ಸ್ಟ್ರೀಟ್ ಸಭಾಂಗಣವೇ ಇವರ ಪಾಠಶಾಲೆಯಾಗಿತ್ತು.

ದೊಡ್ಡ ಸಂಸ್ಥೆಯೊಡನೆ ಒಪ್ಪಂದ

ನಿರ್ವಾಣ ವೃಂದದ 1991ರ ‘ನೆವರ್‌ಮೈಂಡ್’ ಸಂಪುಟದ ಯಶಸ್ಸಿನ ನಂತರ ದೊಡ್ಡ ಸಂಸ್ಥೆಗಳು ಇಂತಹ ಸಂಗೀತಗಾರರನ್ನು ಹುಡುಕತೊಡಗಿದವು. ಗ್ರೀನ್ ಡೇ ಹಲವು ಆಹ್ವಾನಗಳ ನಡುವೆ ವಾರ್ನರ್ ಸಮೂಹಕ್ಕೆ ಸೇರಿದ ರಿಪ್ರೈಸ್ ಸಂಸ್ಥೆಯನ್ನು ಆರಿಸಿಕೊಂಡಿತು. ಅಲ್ಲಿ ಕೆಲಸದಲ್ಲಿದ್ದ ರಾಬ್ ಕವಾಲೋ ಅವರ ಮೇಲೆ ಹುಟ್ಟಿದ ವಿಶ್ವಾಸ ಈ ಆಯ್ಕೆಗೆ ಕಾರಣವಾಯಿತು.

ಈ ನಿರ್ಧಾರಕ್ಕೆ ವೃಂದವು ತೆತ್ತ ಬೆಲೆ ಸಣ್ಣದಲ್ಲ. ನಿಯಮದಂತೆ ಗಿಲ್ಮನ್ ಸ್ಟ್ರೀಟ್ ವೇದಿಕೆ ಅವರಿಗೆ ಮುಚ್ಚಿಹೋಯಿತು. ತಮ್ಮನ್ನು ಬೆಳೆಸಿದ ಸಮುದಾಯದಲ್ಲಿಯೇ ಅನೇಕರು ಅವರನ್ನು ಹಣಕ್ಕಾಗಿ ತತ್ವವನ್ನು ಮಾರಿಕೊಂಡವರೆಂದು ಜರೆದರು. ಆ ಟೀಕೆಯೂ ಆಧಾರವಿಲ್ಲದ್ದಾಗಿರಲಿಲ್ಲ. ಮಾರುಕಟ್ಟೆಯ ನೆರವಿಲ್ಲದೆ ಕಟ್ಟಿಕೊಂಡ ಒಂದು ಸಣ್ಣ ಲೋಕ, ಮಾರುಕಟ್ಟೆ ಒಳಬಂದ ಮೇಲೆ ಹಾಗೆಯೇ ಉಳಿಯುವುದೇ ಎಂಬ ಭಯ ಅದರ ಹಿಂದಿತ್ತು.

ಧ್ವನಿಮುದ್ರಣ

ಡೂಕಿಯ ಧ್ವನಿಮುದ್ರಣವು 1993ರಲ್ಲಿ ಬರ್ಕ್ಲಿಯ ಫ್ಯಾಂಟಸಿ ಸ್ಟುಡಿಯೋದಲ್ಲಿ ಸುಮಾರು ಮೂರು ವಾರಗಳಲ್ಲಿ ಮುಗಿಯಿತು. ಹಾಡುಗಳನ್ನು ಮೊದಲೇ ಚೆನ್ನಾಗಿ ಅಭ್ಯಾಸ ಮಾಡಿಕೊಂಡಿದ್ದರಿಂದ ಕೆಲಸ ಬೇಗ ಸಾಗಿತು. ಮೊದಲ ಬಾರಿ ಮಾಡಿದ ಧ್ವನಿಮಿಶ್ರಣ ವೃಂದಕ್ಕೆ ತೃಪ್ತಿ ನೀಡಲಿಲ್ಲ. ಎರಡನೆಯ ಬಾರಿ ಜೆರ್ರಿ ಫಿನ್ ಅವರ ನೆರವಿನಿಂದ ಈಗ ಕೇಳಿಬರುವ ರೂಪ ಸಿದ್ಧವಾಯಿತು. ಹಿಂದಿನ ಸಂಪುಟದಲ್ಲಿದ್ದ ‘ವೆಲ್‌ಕಮ್ ಟು ಪ್ಯಾರಡೈಸ್’ ಹಾಡನ್ನು ಇಲ್ಲಿ ಮತ್ತೆ ಹೊಸದಾಗಿ ಮುದ್ರಿಸಲಾಯಿತು.

ಸಂಗೀತದ ಸ್ವರೂಪ

ಮೂರೇ ವಾದ್ಯಗಳ ಈ ಸಂಪುಟದಲ್ಲಿ ಪ್ರತಿಯೊಂದು ವಾದ್ಯದ ಪಾತ್ರವೂ ಸ್ಪಷ್ಟವಾಗಿ ಕೇಳಿಸುತ್ತದೆ. ಗಿಟಾರ್ ಬಹುಮಟ್ಟಿಗೆ ದಟ್ಟವಾದ ಸ್ವರಮೇಳಗಳನ್ನು ಬಿರುಸಾಗಿ ಮೀಟುತ್ತದೆ. ಉದ್ದನೆಯ ಏಕವಾದನಗಳು ವಿರಳ. ಹೀಗೆ ತೆರವಾದ ಜಾಗದಲ್ಲಿ ಬೇಸ್ ಗಿಟಾರ್ ತನ್ನದೇ ಆದ ಧಾಟಿಯನ್ನು ಹಿಡಿದು ಸಾಗುತ್ತದೆ. ‘ಲಾಂಗ್‌ವ್ಯೂ’ ಹಾಡಿನಲ್ಲಿ ಕೇಳುಗರು ಮೊದಲು ಗುರುತಿಸುವುದು ಡರ್ನ್ಟ್ ಅವರ ತೂಗಾಡುವ ಬೇಸ್ ಧಾಟಿಯನ್ನೇ. ಚರಣಗಳಲ್ಲಿ ಅದು ಸೋಮಾರಿಯಂತೆ ನಿಧಾನವಾಗಿ ನಡೆದು, ಪಲ್ಲವಿಯಲ್ಲಿ ಗಿಟಾರ್ ಒಮ್ಮೆಗೇ ಸಿಡಿಯುತ್ತದೆ. ಬೇಸರ ಕಟ್ಟೆಯೊಡೆಯುವುದನ್ನು ಈ ರಚನೆಯೇ ಕೇಳಿಸುತ್ತದೆ. ಮೊದಲ ಹಾಡಾದ ‘ಬರ್ನ್‌ಔಟ್’ನಲ್ಲಿ ಟ್ರೇ ಕೂಲ್ ಅವರ ಡ್ರಮ್ಸ್ ಉಳಿದ ವಾದ್ಯಗಳೊಡನೆ ಸವಾಲು-ಜವಾಬಿನಂತೆ ಸಾಗುತ್ತದೆ.

ವೇಗ ಎಷ್ಟೇ ಇದ್ದರೂ ಧಾಟಿ ಕೆಡುವುದಿಲ್ಲ ಎಂಬುದು ಈ ಸಂಪುಟದ ವೈಶಿಷ್ಟ್ಯ. ‘ಬಾಸ್ಕೆಟ್ ಕೇಸ್’ ಹಾಡಿನ ಸ್ವರಮೇಳಗಳ ಅನುಕ್ರಮವು 17ನೆಯ ಶತಮಾನದ ಜರ್ಮನ್ ವಾಗ್ಗೇಯಕಾರ ಪಾಕೆಲ್‌ಬೆಲ್ ಅವರ ಪ್ರಸಿದ್ಧ ‘ಕ್ಯಾನನ್’ ಕೃತಿಯ ಅನುಕ್ರಮವನ್ನು ಹೋಲುವುದನ್ನು ಅನೇಕರು ಗುರುತಿಸಿದ್ದಾರೆ. ಮದುವೆಯ ಸಮಾರಂಭಗಳಲ್ಲಿ ನುಡಿಸಲಾಗುವ ಶಾಂತ ಸಂಗೀತದ ಚೌಕಟ್ಟು ಇಲ್ಲಿ ಮನಸ್ಸಿನ ತಳಮಳವನ್ನು ಹೊತ್ತು ನಿಂತಿದೆ. ‘ವೆನ್ ಐ ಕಮ್ ಅರೌಂಡ್’ ನಾಲ್ಕು ಸ್ವರಮೇಳಗಳ ನಿಧಾನಗತಿಯ ಹಾಡು. ಗಿಟಾರ್ ಕಲಿಯಲು ತೊಡಗಿದವರಿಗೂ ಎಟುಕುವಂತಹ ಈ ಸರಳತೆಯಿಂದಾಗಿ ಡೂಕಿಯ ಹಾಡುಗಳನ್ನು ನುಡಿಸಿ ವಾದನ ಕಲಿತವರು ಅನೇಕರು.

ಹಾಡುಗಳ ವಸ್ತು

ಮೊದಲ ತಲೆಮಾರಿನ ಪಂಕ್ ಹಾಡುಗಳ ಕೋಪವು ಅರಮನೆ, ಸರ್ಕಾರ, ನಿರುದ್ಯೋಗಗಳಂತಹ ಹೊರಗಿನ ಸಂಗತಿಗಳತ್ತ ತಿರುಗಿದ್ದುಂಟು. ಡೂಕಿಯಲ್ಲಿ ಆ ದೃಷ್ಟಿ ಬಹುಮಟ್ಟಿಗೆ ಒಳಮುಖವಾಗಿದೆ. ಕೆಲಸವಿಲ್ಲದೆ ದೂರದರ್ಶನದ ಮುಂದೆ ಕಳೆಯುವ ದಿನಗಳು ‘ಲಾಂಗ್‌ವ್ಯೂ’ ಹಾಡಿನ ವಸ್ತು. ಮನೆ ಬಿಟ್ಟು ಓಕ್ಲೆಂಡ್ ನಗರದ ಹಾಳು ಗೋದಾಮಿನಲ್ಲಿ ವಾಸಿಸತೊಡಗಿದ ತರುಣನ ಭಯವನ್ನೂ, ಆ ಜಾಗವೇ ಮೆಲ್ಲನೆ ಮನೆಯಾಗಿಬಿಡುವುದನ್ನೂ ‘ವೆಲ್‌ಕಮ್ ಟು ಪ್ಯಾರಡೈಸ್’ ಹೇಳುತ್ತದೆ. ‘ಕಮಿಂಗ್ ಕ್ಲೀನ್’ ತನ್ನ ಲೈಂಗಿಕ ಒಲವನ್ನು ಅರಿತುಕೊಳ್ಳುತ್ತಿರುವ ಹದಿಹರೆಯದವನ ಗೊಂದಲವನ್ನು ಕುರಿತದ್ದು. ದ್ವಿಲಿಂಗಾಕರ್ಷಣೆಯ ಬಗ್ಗೆ ಆರ್ಮ್‌ಸ್ಟ್ರಾಂಗ್ ಬಹಿರಂಗವಾಗಿ ಮಾತನಾಡಿದ ಆ ಕಾಲದಲ್ಲಿ ಜನಪ್ರಿಯ ರಾಕ್ ಗಾಯಕರು ಇಂತಹ ವಿಷಯವನ್ನು ಎತ್ತುವುದು ಅಪರೂಪವಾಗಿತ್ತು.

ಸಂಪುಟದ ಕೇಂದ್ರದಲ್ಲಿರುವುದು ‘ಬಾಸ್ಕೆಟ್ ಕೇಸ್’. ಮಾನಸಿಕವಾಗಿ ಕುಸಿದುಹೋದ ವ್ಯಕ್ತಿಯನ್ನು ಇಂಗ್ಲಿಷ್ ಆಡುಮಾತಿನಲ್ಲಿ ಹೀಗೆ ಕರೆಯುತ್ತಾರೆ. ಆರ್ಮ್‌ಸ್ಟ್ರಾಂಗ್ ಆಗ ಆಗಾಗ ತೀವ್ರ ಗಾಬರಿಗೆ ಒಳಗಾಗುತ್ತಿದ್ದರು. ಅದು ಪ್ಯಾನಿಕ್ ಡಿಸಾರ್ಡರ್ ಎಂಬ ವ್ಯಾಧಿಯೆಂದು ವೈದ್ಯರು ಗುರುತಿಸಿದ್ದು ಬಹಳ ತಡವಾಗಿ. ಅದಕ್ಕೆ ಮುನ್ನ ತನಗೇನಾಗುತ್ತಿದೆ ಎಂಬುದನ್ನು ಅರಿಯಲು ಅದರ ಬಗ್ಗೆ ಹಾಡು ಬರೆಯುವುದೊಂದೇ ತನಗಿದ್ದ ದಾರಿಯೆಂದು ಅವರು ಹೇಳಿಕೊಂಡಿದ್ದಾರೆ. ಹಾಡಿನ ನಿರೂಪಕ ತನ್ನ ಅಳಲನ್ನು ತಾನೇ ಗೇಲಿ ಮಾಡುತ್ತಾನೆ. ನೆರವು ಅರಸಿ ಹೋದಲ್ಲೆಲ್ಲ ಒಂದೊಂದು ಬಗೆಯ ಉತ್ತರ ಪಡೆಯುತ್ತಾನೆ. ಕೊನೆಗೂ ಅವನಿಗೆ ಪರಿಹಾರ ದೊರೆಯುವುದಿಲ್ಲ. ಮಾನಸಿಕ ಆರೋಗ್ಯವನ್ನು ಕುರಿತ ಮಾತು ಇನ್ನೂ ಸಾಮಾನ್ಯವಾಗಿರದ ಕಾಲದಲ್ಲಿ, ಉಪದೇಶವೂ ಸ್ವಾನುಕಂಪವೂ ಇಲ್ಲದೆ ಈ ಅನುಭವವನ್ನು ಹೇಳಿದ್ದು ಹಾಡಿನ ಬಲ. ಮಾರ್ಕ್ ಕೋರ್ ನಿರ್ದೇಶಿಸಿದ ಇದರ ದೃಶ್ಯರೂಪವನ್ನು ಕ್ಯಾಲಿಫೋರ್ನಿಯಾದ ಒಂದು ಹಳೆಯ ಮಾನಸಿಕ ಚಿಕಿತ್ಸಾಲಯದ ಕಟ್ಟಡದಲ್ಲಿ ಚಿತ್ರಿಸಲಾಯಿತು. ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದು ಆಮೇಲೆ ಬಣ್ಣ ತುಂಬಿದ್ದರಿಂದ ಅದರ ಬಣ್ಣಗಳು ಅಸಹಜವಾಗಿ ಹೊಳೆಯುತ್ತವೆ.

ಶೀರ್ಷಿಕೆ ಮತ್ತು ಮುಖಪುಟ

‘ಡೂಕಿ’ ಎಂದರೆ ಅಮೆರಿಕದ ಮಕ್ಕಳ ಮಾತಿನಲ್ಲಿ ಮಲ. ಪ್ರವಾಸಗಳಲ್ಲಿ ಕೆಟ್ಟ ಆಹಾರ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಿದ್ದ ಸದಸ್ಯರು ಅದನ್ನೇ ತಮಾಷೆಯಾಗಿ ಶೀರ್ಷಿಕೆ ಮಾಡಿದರು. ಮುಖಪುಟವನ್ನು ಆ ಪ್ರದೇಶದವರೇ ಆದ ಕಲಾವಿದ ರಿಚಿ ಬುಚರ್ ರಚಿಸಿದರು. ಬರ್ಕ್ಲಿಯ ಟೆಲಿಗ್ರಾಫ್ ಅವೆನ್ಯೂ ರಸ್ತೆಯ ಮೇಲೆ ವಿಮಾನಗಳು ಬಾಂಬು ಹಾಕುತ್ತಿರುವ, ಜನಜಂಗುಳಿಯಿಂದ ತುಂಬಿದ ವ್ಯಂಗ್ಯಚಿತ್ರ ಅದು. ಅದರಲ್ಲಿ ಸ್ಥಳೀಯ ಪಂಕ್ ಸಮುದಾಯದ ಪರಿಚಿತ ವ್ಯಕ್ತಿಗಳೂ ಇದ್ದಾರೆ. ತಮ್ಮನ್ನು ಹೊರಹಾಕಿದ ಊರನ್ನು ವೃಂದವು ಮುಖಪುಟದಲ್ಲಿಯೇ ಹೊತ್ತುಕೊಂಡು ಹೋಯಿತು.

ಬಿಡುಗಡೆ ಮತ್ತು ಯಶಸ್ಸು

ಸಂಪುಟದ ಆರಂಭಿಕ ಮಾರಾಟ ಸಾಧಾರಣವಾಗಿತ್ತು. ‘ಲಾಂಗ್‌ವ್ಯೂ’ ಹಾಡಿನ ದೃಶ್ಯರೂಪವನ್ನು ಎಂಟಿವಿ ವಾಹಿನಿ ಮತ್ತೆ ಮತ್ತೆ ಪ್ರಸಾರ ಮಾಡಿದ ಮೇಲೆ ಬೇಡಿಕೆ ಏರಿತು. ‘ಲಾಂಗ್‌ವ್ಯೂ’, ‘ಬಾಸ್ಕೆಟ್ ಕೇಸ್’ ಮತ್ತು ‘ವೆನ್ ಐ ಕಮ್ ಅರೌಂಡ್’ ಈ ಮೂರೂ ಹಾಡುಗಳು ಬಿಲ್‌ಬೋರ್ಡ್‌ನ ಮಾಡರ್ನ್ ರಾಕ್ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದವು.

1994ರ ಆಗಸ್ಟ್ 14ರಂದು ನ್ಯೂಯಾರ್ಕ್ ರಾಜ್ಯದಲ್ಲಿ ನಡೆದ ವುಡ್‌ಸ್ಟಾಕ್ ಉತ್ಸವದಲ್ಲಿ ವೃಂದದ ಕಛೇರಿ ಪ್ರೇಕ್ಷಕರೊಡನೆ ಕೆಸರೆರಚಾಟವಾಗಿ ಪರಿಣಮಿಸಿತು. ವೇದಿಕೆ ಏರಿದ ಅಭಿಮಾನಿಯೆಂದು ತಪ್ಪಾಗಿ ಭಾವಿಸಿದ ಕಾವಲುಗಾರನೊಬ್ಬ ಡರ್ನ್ಟ್ ಅವರನ್ನು ಕೆಡವಿದ್ದರಿಂದ ಅವರ ಹಲ್ಲಿಗೆ ಪೆಟ್ಟಾಯಿತು. ದೂರದರ್ಶನದಲ್ಲಿ ಕಂಡ ಈ ಕಛೇರಿ ವೃಂದವನ್ನು ಮನೆಮಾತಾಗಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ಬಾಸ್ಟನ್ ನಗರದಲ್ಲಿ ಏರ್ಪಡಿಸಿದ ಉಚಿತ ಕಛೇರಿಗೆ ನಿರೀಕ್ಷೆ ಮೀರಿ ಜನ ಸೇರಿ, ಗಲಭೆಯಾಗಿ ಅರ್ಧಕ್ಕೇ ನಿಂತಿತು. 1995ರಲ್ಲಿ ಡೂಕಿಗೆ ಅತ್ಯುತ್ತಮ ಪರ್ಯಾಯ ಸಂಗೀತ ವಿಭಾಗದ ಗ್ರ್ಯಾಮಿ ಪ್ರಶಸ್ತಿ ದೊರೆಯಿತು.

ಹಾಡುಗಳ ಪಟ್ಟಿ

1. ಬರ್ನ್‌ಔಟ್
2. ಹ್ಯಾವಿಂಗ್ ಎ ಬ್ಲಾಸ್ಟ್
3. ಚಂಪ್
4. ಲಾಂಗ್‌ವ್ಯೂ
5. ವೆಲ್‌ಕಮ್ ಟು ಪ್ಯಾರಡೈಸ್
6. ಪುಲ್ಲಿಂಗ್ ಟೀತ್
7. ಬಾಸ್ಕೆಟ್ ಕೇಸ್
8. ಶೀ
9. ಸ್ಯಾಸಫ್ರಾಸ್ ರೂಟ್ಸ್
10. ವೆನ್ ಐ ಕಮ್ ಅರೌಂಡ್
11. ಕಮಿಂಗ್ ಕ್ಲೀನ್
12. ಎಮೀನಿಯಸ್ ಸ್ಲೀಪಸ್
13. ಇನ್ ದಿ ಎಂಡ್
14. ಎಫ್.ಒ.ಡಿ.

ಕೊನೆಯ ಹಾಡು ಮುಗಿದು ಕೆಲಕಾಲ ಮೌನವಾದ ಮೇಲೆ ಟ್ರೇ ಕೂಲ್ ಹಾಡಿರುವ, ಪಟ್ಟಿಯಲ್ಲಿ ನಮೂದಿಸದ ಒಂದು ಚಿಕ್ಕ ಹಾಸ್ಯಗೀತೆ ಕೇಳಿಬರುತ್ತದೆ. ಇಡೀ ಸಂಪುಟದ ಅವಧಿ ಸುಮಾರು 39 ನಿಮಿಷ.

ನಿರಂತರ ಜನಪ್ರಿಯತೆ

ಬಿಡುಗಡೆಯ ವರ್ಷದಲ್ಲಿ ಕೋಲಾಹಲವೆಬ್ಬಿಸಿ ಮರೆಯಾದ ಸಂಪುಟಗಳು ಅನೇಕ. ಡೂಕಿ ಹಾಗಾಗದಿರುವುದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು, ಅದರ ವಸ್ತು ಒಂದು ಕಾಲದ ಸುದ್ದಿಗೆ ಕಟ್ಟುಬಿದ್ದಿಲ್ಲ. ಬಾಲ್ಯ ಮುಗಿದು ಮುಂದಿನ ದಾರಿ ಕಾಣದಿರುವ ವಯಸ್ಸಿನ ದಿಗಿಲು ಪ್ರತಿ ತಲೆಮಾರಿಗೂ ಹೊಸದಾಗಿಯೇ ಬರುತ್ತದೆ. ಎರಡನೆಯದು, ಅದರ ರಚನೆಯಲ್ಲಿ ಹೆಚ್ಚುವರಿ ಏನೂ ಇಲ್ಲ. ಬಹುತೇಕ ಹಾಡುಗಳು ಎರಡು-ಮೂರು ನಿಮಿಷಗಳಲ್ಲಿ ಮುಗಿಯುತ್ತವೆ; ಆ ಕಾಲದ ಫ್ಯಾಷನ್ನಿನ ಧ್ವನಿಗಳು ಕಡಿಮೆ ಇರುವುದರಿಂದ ಅವು ಹಳತೆನಿಸುವುದೂ ಕಡಿಮೆ. ಮೂರನೆಯದು, ನೋವಿನ ಮಾತಿಗೆ ಉಲ್ಲಾಸದ ಧಾಟಿಯನ್ನು ಕೂಡಿಸಿರುವುದು. ಒಂಟಿಯಾಗಿ ಅನುಭವಿಸುವ ಆತಂಕವನ್ನು ಸಾವಿರಾರು ಜನ ಒಟ್ಟಿಗೆ ಹಾಡುವಂತಾದಾಗ ಅದರ ಭಾರ ಹಂಚಿಹೋಗುತ್ತದೆ.

ಇದೇ ಕಾಲದಲ್ಲಿ ಆಫ್‌ಸ್ಪ್ರಿಂಗ್ ವೃಂದದ ‘ಸ್ಮ್ಯಾಶ್’ ಸಂಪುಟವೂ ಯಶಸ್ವಿಯಾಗಿ, ಪಂಕ್ ಸಂಗೀತ ಮತ್ತೆ ಮುಂಚೂಣಿಗೆ ಬಂದಿತು. ಬ್ಲಿಂಕ್-182 ಮುಂತಾಗಿ ನಂತರ ಹೆಸರು ಮಾಡಿದ ಪಾಪ್ ಪಂಕ್ ವೃಂದಗಳಿಗೆ ಡೂಕಿ ದಾರಿ ತೆರೆಯಿತು. ಗ್ರೀನ್ ಡೇ 2004ರಲ್ಲಿ ಹೊರತಂದ ‘ಅಮೆರಿಕನ್ ಈಡಿಯಟ್’ ಹೊಸ ತಲೆಮಾರಿನ ಕೇಳುಗರನ್ನು ಈ ಹಳೆಯ ಸಂಪುಟದತ್ತಲೂ ಕರೆತಂದಿತು. 2024ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಡೂಕಿಯನ್ನು ಸಂರಕ್ಷಣೆಗೆ ಯೋಗ್ಯವಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಬಿಡುಗಡೆಯ ಮೂವತ್ತು ವರ್ಷಗಳ ನೆನಪಿಗಾಗಿ ಅದೇ ವರ್ಷದ ಪ್ರವಾಸದಲ್ಲಿ ವೃಂದವು ಸಂಪುಟವನ್ನು ಮೊದಲಿಂದ ಕೊನೆಯವರೆಗೆ ನುಡಿಸಿತು.

ಗಿಲ್ಮನ್ ಸ್ಟ್ರೀಟ್‌ಗೆ ಮರಳಿಕೆ

2015ರ ಏಪ್ರಿಲ್‌ನಲ್ಲಿ ಗ್ರೀನ್ ಡೇಯನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು. ಅದರ ಮರು ತಿಂಗಳೇ ಓಕ್ಲೆಂಡ್‌ನಲ್ಲಿ ಅಗ್ನಿ ಅನಾಹುತಕ್ಕೆ ಸಿಲುಕಿದ ಒಂದು ಸ್ವತಂತ್ರ ಪ್ರಕಾಶನ ಮತ್ತು ಒಂದು ಮುದ್ರಣಾಲಯದ ಸಹಾಯಾರ್ಥವಾಗಿ ನಡೆದ ಕಛೇರಿಯಲ್ಲಿ ವೃಂದವು 924 ಗಿಲ್ಮನ್ ಸ್ಟ್ರೀಟ್ ವೇದಿಕೆಯನ್ನು ಮತ್ತೆ ಏರಿತು. 1993ರ ನಂತರ ಅಲ್ಲಿ ಅವರು ನುಡಿಸಿದ್ದು ಅದೇ ಮೊದಲು.