ಇ-ಮೇಲ್ ಪತ್ರಗಳನ್ನು ಕಂಪ್ಯೂಟರಿಗೆ ತರಿಸಿಕೊಳ್ಳುವುದು ಹೇಗೆ?



ಜಿಮೇಲ್ ಅಂದ್ರೆ ನಮಗೆಲ್ಲ ಗೊತ್ತು. ಇಂಟರ್‌ನೆಟ್‌ನಲ್ಲಿ ಅದರ ಪುಟ ತೆರೆದು, ಪಾಸ್‌ವರ್ಡ್ ಹಾಕಿ ಪತ್ರ ಓದುತ್ತೇವೆ. ಆದರೆ ಮಳೆಗಾಲದಲ್ಲಿ ನೆಟ್ ಹೋಯ್ತು ಅನ್ನಿ. ನಿನ್ನೆ ಬಂದ ಪತ್ರವೂ ಇವತ್ತು ಸಿಗೋದು ಕಷ್ಟ. ಅದರಲ್ಲಿ ವಿದ್ಯಾರ್ಥಿವೇತನದ ಅರ್ಜಿ ಇದ್ದರೆ ಏನು ಗತಿ? ಇದಕ್ಕೆ ಒಂದು ಒಳ್ಳೇ ಉಪಾಯ ಇದೆ.

ಪತ್ರ ಎಲ್ಲಿರುತ್ತೆ?

ನಮ್ಮ ಪತ್ರಗಳು ಇರುವುದು ಸರ್ವರ್ ಎಂಬ ದೂರದ ಕಂಪ್ಯೂಟರಿನಲ್ಲಿ. ಅದನ್ನು ಅಂಚೆ ಕಚೇರಿ ಅಂದುಕೊಳ್ಳಿ. ಈಗ ನಾವೇ ಅಲ್ಲಿಗೆ ಹೋಗಿ ಓದಿ ಬರುತ್ತಿದ್ದೇವೆ. ಪತ್ರವನ್ನು ನಮ್ಮ ಕಂಪ್ಯೂಟರಿಗೇ ತಂದುಕೊಡುವ ಅಂಚೆಯಣ್ಣನೂ ಇದ್ದಾನೆ. ಅವನೇ ಥಂಡರ್‌ಬರ್ಡ್ ಎಂಬ ತಂತ್ರಾಂಶ. ಇದರ ಮೊದಲ ಪೂರ್ಣ ಆವೃತ್ತಿ ಬಂದದ್ದು 2004ರಲ್ಲಿ. ಜಿಮೇಲ್ ಶುರುವಾದದ್ದೂ ಅದೇ ವರ್ಷ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ.

ಎರಡು ದಾರಿಗಳು

ಪತ್ರ ತರಲು ಎರಡು ದಾರಿಗಳಿವೆ. ಒಂದು ಪಾಪ್, ಇನ್ನೊಂದು ಐಮ್ಯಾಪ್. ಪಾಪ್ ದಾರಿಯಲ್ಲಿ ಪತ್ರವನ್ನು ಕಂಪ್ಯೂಟರಿಗೆ ತಂದ ಮೇಲೆ ಸರ್ವರಿನಿಂದ ತೆಗೆದುಬಿಡುವ ಸಂಭವ ಇರುತ್ತದೆ. ಆಗ ಅದೇ ಪತ್ರವನ್ನು ಮೇಷ್ಟ್ರು ಫೋನಿನಲ್ಲಿ ಹುಡುಕಿದರೆ ಸಿಗೋದಿಲ್ಲ. ಐಮ್ಯಾಪ್ ದಾರಿಯಲ್ಲಿ ಮೂಲ ಪತ್ರ ಸರ್ವರಿನಲ್ಲೇ ಇರುತ್ತದೆ, ನಮಗೆ ನಕಲು ಬರುತ್ತದೆ. ಇಲ್ಲಿ ಓದಿದ್ದು ಫೋನಿನಲ್ಲೂ ಓದಿದ್ದು ಅಂತಲೇ ತೋರಿಸುತ್ತೆ. ಹಲವರು ಬಳಸುವ ಪೆಟ್ಟಿಗೆಗೆ ಐಮ್ಯಾಪ್ ದಾರಿಯೇ ಸರಿ.

ಜೋಡಿಸುವ ಕ್ರಮ

1. ಥಂಡರ್‌ಬರ್ಡ್ ತೆರೆಯಿರಿ. ಹೊಸ ಖಾತೆ ಸೇರಿಸುವ ಕಡೆ ಹೆಸರು ಮತ್ತು ಇ-ಮೇಲ್ ವಿಳಾಸ ಬರೆದು ‘ಕಂಟಿನ್ಯೂ’ ಒತ್ತಿ.

2. ಸರ್ವರಿನ ವಿವರವನ್ನು ಅದೇ ಹುಡುಕಿಕೊಳ್ಳುತ್ತದೆ. ಹುಡುಕದಿದ್ದರೆ ನಾವೇ ತುಂಬಬೇಕು. ಒಳಬರುವ ಪತ್ರಕ್ಕೆ ‘ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್’, ಪೋರ್ಟ್ 993. ಹೊರಹೋಗುವ ಪತ್ರಕ್ಕೆ ‘ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್’, ಪೋರ್ಟ್ 465. ಎರಡಕ್ಕೂ ‘ಎಸ್‌ಎಸ್‌ಎಲ್’ ಭದ್ರತೆ ಆರಿಸಿ. ಪೋರ್ಟ್ ಅಂದ್ರೆ ಕಚೇರಿಯಲ್ಲಿ ಕೌಂಟರ್ ನಂಬರ್ ಇದ್ದ ಹಾಗೆ.

3. ಪಾಪ್, ಐಮ್ಯಾಪ್ ಎರಡೂ ಕಂಡರೆ ಐಮ್ಯಾಪ್ ಆರಿಸಿ.

4. ಗೂಗಲ್‌ನ ಪುಟ ತೆರೆದುಕೊಳ್ಳುತ್ತದೆ. ಪಾಸ್‌ವರ್ಡನ್ನು ಅಲ್ಲಿ ಹಾಕಿ, ಥಂಡರ್‌ಬರ್ಡ್‌ಗೆ ಒಪ್ಪಿಗೆ ಕೊಡಿ. ಹಿಂದೆ ಪಾಸ್‌ವರ್ಡನ್ನು ತಂತ್ರಾಂಶಕ್ಕೇ ಕೊಡುತ್ತಿದ್ದರು. ಕಳ್ಳರ ಕಾಟಕ್ಕೆ ಗೂಗಲ್ 2022ರಿಂದ ಆ ಪದ್ಧತಿಯನ್ನು ನಿಲ್ಲಿಸುತ್ತಾ ಬಂತು.

5. ಪತ್ರಗಳೆಲ್ಲ ಇಳಿಯುವವರೆಗೆ ನೆಟ್ ತೆಗೆಯಬೇಡಿ. ಹಳೇ ಪತ್ರ ಜಾಸ್ತಿ ಇದ್ರೆ ಹೊತ್ತು ಹಿಡಿಯುತ್ತೆ.

ಎಚ್ಚರಿಕೆ!

ಐಮ್ಯಾಪ್‌ನಲ್ಲಿ ಇಲ್ಲಿ ಅಳಿಸಿದ ಪತ್ರ ಎಲ್ಲರ ಕಡೆಯೂ ಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಕೈತಪ್ಪಿ ಅಳಿಸಿದರೆ ಕೂಡಲೇ ‘ಟ್ರ್ಯಾಶ್’ ಎಂಬ ಕಸದಬುಟ್ಟಿಯಲ್ಲಿ ಹುಡುಕಿ. ಜಿಮೇಲ್ ಅದನ್ನು 30 ದಿನ ಇಟ್ಟು ಆಮೇಲೆ ಪೂರ್ತಿ ತೆಗೆದುಹಾಕುತ್ತದೆ.

ಇನ್ನೊಂದು ಮಾತು. ಶಾಲೆಯ ಕಂಪ್ಯೂಟರಿಗೆ ಶಾಲೆಯ ಇ-ಮೇಲ್ ಮಾತ್ರ ಜೋಡಿಸಿ. ನಿಮ್ಮ ಸ್ವಂತದ್ದನ್ನು ಜೋಡಿಸಿದರೆ ನಕಲು ಅಲ್ಲೇ ಉಳಿಯುತ್ತದೆ. ನಿಮ್ಮ ನಂತರ ಕುಳಿತವರು ಯಾರು ಬೇಕಾದರೂ ಓದಬಹುದು, ನಿಮ್ಮ ಹೆಸರಿನಲ್ಲಿ ಬರೆಯಲೂಬಹುದು. ಈಗಾಗಲೇ ಜೋಡಿಸಿದ್ದರೆ ಗೂಗಲ್ ಖಾತೆಯ ‘ಸೆಕ್ಯುರಿಟಿ’ ಭಾಗಕ್ಕೆ ಹೋಗಿ ಥಂಡರ್‌ಬರ್ಡ್‌ಗೆ ಕೊಟ್ಟ ಒಪ್ಪಿಗೆ ಹಿಂತೆಗೆದುಕೊಳ್ಳಿ. ಆಮೇಲೆ ಕಂಪ್ಯೂಟರಿನಲ್ಲಿ ಉಳಿದ ನಕಲನ್ನೂ ತೆಗೆಸಿ.

ಸರಿಯಾಗಿ ಜೋಡಿಸಿದ್ದೇವಾ ಅಂತ ನೋಡಲು ಸುಲಭ ಪರೀಕ್ಷೆ: ಪತ್ರಗಳೆಲ್ಲ ಇಳಿದ ಮೇಲೆ ನೆಟ್ ವೈರ್ ತೆಗೆದು ಒಂದು ಹಳೇ ಪತ್ರ ತೆರೆಯಿರಿ. ಪೂರ್ತಿ ಓದಲು ಬಂದರೆ ಕೆಲಸ ಸರಿಯಾಗಿದೆ. ನೆಟ್ ಇಲ್ಲದಾಗಲೇ ಉತ್ತರವನ್ನೂ ಬರೆದು ‘ಸೆಂಡ್ ಲೇಟರ್’ ಒತ್ತಿ ಇಡಬಹುದು. ನೆಟ್ ಬಂದಾಗ ಕಳುಹಿಸಿದರಾಯ್ತು.