ಮನೆಯಂಗಳದಲ್ಲಿ ಕಾರಿನ ಆಕ್ಸಲ್ ಬದಲಾವಣೆ

1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವವರೆಗೆ ನಮ್ಮ ಭಾಗದ ಬೆಳೆಗಾರರ ಮನೆಗಳಲ್ಲಿ ಇದ್ದುದು ಹೆಚ್ಚಾಗಿ ಜೀಪು, ಅಂಬಾಸಿಡರ್, ಇಲ್ಲವೇ ಪ್ರೀಮಿಯರ್ ಪದ್ಮಿನಿ. ಅವುಗಳಲ್ಲಿ ಹಿಂದಿನ ಚಕ್ರಗಳ ಆಕ್ಸಲ್ ಕಬ್ಬಿಣದ ಕವಚದೊಳಗೆ ಭದ್ರವಾಗಿ ಕುಳಿತಿರುತ್ತಿತ್ತು, ಕೆಸರಿನ ಭಯವಿರಲಿಲ್ಲ. ಮಾರುತಿ 800 ಮತ್ತು ನಂತರದ ಆಲ್ಟೊ ಮುಂತಾದ ಕಾರುಗಳ ಸಂಗತಿ ಬೇರೆ. ಇವುಗಳ ಮುಂದಿನ ಚಕ್ರಗಳು ಕಾರನ್ನು ಎಳೆಯಲೂ ಬೇಕು, ಎಡಬಲಕ್ಕೆ ತಿರುಗಲೂ ಬೇಕು, ಗುಂಡಿ ಬಂದಲ್ಲಿ ಏರಿಳಿಯಲೂ ಬೇಕು. ಅದಕ್ಕಾಗಿ ಆಕ್ಸಲ್ಲಿನ ಎರಡು ತುದಿಗಳಲ್ಲೂ ಸಿ.ವಿ. ಜಾಯಿಂಟುಗಳನ್ನು ಇಟ್ಟಿದ್ದಾರೆ.

ಚಕ್ರದ ಕಡೆಯ ಜಾಯಿಂಟಿನೊಳಗೆ ಆರು ಉಕ್ಕಿನ ಗುಂಡುಗಳು ಗ್ರೀಸಿನಲ್ಲಿ ಹೊರಳುತ್ತವೆ. ಅವನ್ನು ಕಾಯುವುದು ಮಡಿಕೆ ಮಡಿಕೆಯಾದ ಒಂದು ರಬ್ಬರ್ ಬೂಟು. ಸದಸ್ಯರಿಗೆ ನಾವು ಒತ್ತಿ ಹೇಳಬೇಕಾದುದು ಈ ಬೂಟಿನ ಮಾತನ್ನೇ. ತೋಟದ ದಾರಿಯಲ್ಲಿ ಕಡಿದ ಗಿಡದ ಕೂಳೆ ತಾಗಿಯೋ, ವರ್ಷ ಕಳೆದು ಬಿರಿದೋ ಅದು ಹರಿಯಿತೆಂದರೆ ಗ್ರೀಸು ಹೊರಕ್ಕೆ ಎರಚಿ, ಮರಳು ನೀರು ಒಳಗೆ ಸೇರುತ್ತವೆ. ಮತ್ತೆ ಜಾಯಿಂಟು ಬಾಳುವುದಿಲ್ಲ. ಆದ್ದರಿಂದ ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿಟ್ಟು ಟಾರ್ಚು ಹಿಡಿದು ನೋಡಬೇಕು. ಚಕ್ರದ ಒಳಮೈಯಲ್ಲಿ ಗ್ರೀಸಿನ ಕಲೆ ಕಂಡರೆ ಬೂಟು ಹರಿದಿದೆಯೆಂದು ತಿಳಿಯಿರಿ. ಸದ್ದು ಇನ್ನೂ ಬಂದಿಲ್ಲವಾದರೆ ಜಾಯಿಂಟನ್ನು ತೊಳೆದು ಹೊಸ ಬೂಟು, ಹೊಸ ಗ್ರೀಸು ಹಾಕಿಸಿದರೆ ಸಾಕಾಗಬಹುದು. ಇಡೀ ಆಕ್ಸಲ್ಲಿಗೆ ಹಣ ಸುರಿಯಬೇಕಾಗಿಲ್ಲ.

ಪೂರ್ತಿ ತಿರುವಿನಲ್ಲಿ ಕಟಕಟ ಸದ್ದು ಬಂದರೆ ಹೊರಗಿನ ಜಾಯಿಂಟು ಸವೆದಿದೆ. ನೇರ ಹೋಗುವಾಗ ವೇಗದ ಜೊತೆ ಏರುವ ಗುಂಯ್‌ ಎಂಬ ಸದ್ದು ಸಾಮಾನ್ಯವಾಗಿ ಚಕ್ರದ ಬೇರಿಂಗಿನದು. ಅದಕ್ಕೆ ಆಕ್ಸಲ್ ಬದಲಿಸಿ ಪ್ರಯೋಜನವಿಲ್ಲ. ಕೊಳ್ಳುವಾಗ ಎಡದ್ದೋ ಬಲದ್ದೋ ಹೇಳಿ ತರಬೇಕು, ಎರಡರ ಉದ್ದ ಒಂದೇ ಅಲ್ಲ. ಹೊಸ ಹಬ್ ನಟ್ಟು ಮತ್ತು ಆಯಿಲ್ ಸೀಲನ್ನೂ ಜೊತೆಗೇ ತನ್ನಿ.

ಕೆಲಸಕ್ಕೆ ಕಾಫಿ ಹರಡುವ ಕಣ ಬೇಡ. ಗೇರ್ ಆಯಿಲ್ ಚೆಲ್ಲಿದರೆ ಆ ವಾಸನೆ ಬೀಜಕ್ಕೆ ಹತ್ತುತ್ತದೆ. ಶೆಡ್ಡಿನ ಸಮತಟ್ಟಾದ ಸಿಮೆಂಟು ನೆಲ ಉತ್ತಮ. ಇಳಿಜಾರಿನಲ್ಲಂತೂ ಕೂಡದು. ಮುಂದಿನ ಚಕ್ರ ಮೇಲೆದ್ದ ಮೇಲೆ ಗೇರಿನಲ್ಲಿ ಇಟ್ಟಿದ್ದೇನೆಂದರೆ ಕಾರು ನಿಲ್ಲುವುದಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಬೇಕು. ಜಾಕಿ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಕಬ್ಬಿಣದ ಸ್ಟ್ಯಾಂಡು ಇಲ್ಲದೆ ಯಾರೂ ಕೆಳಗೆ ಕೈಹಾಕಬಾರದು. ಜಂಬಿಟ್ಟಿಗೆ ಪೇರಿಸಿ ಕಾರು ನಿಲ್ಲಿಸುವ ರೂಢಿ ಕೆಲವರಲ್ಲಿದೆ. ಆ ಕಲ್ಲು ಹೇಳದೆ ಕೇಳದೆ ಒಡೆಯುತ್ತದೆ. ಸ್ಟ್ಯಾಂಡು ಸಿಗದಿದ್ದರೆ ಕಾರನ್ನು ಗ್ಯಾರೇಜಿಗೇ ಕಳಿಸುವುದು ಲೇಸು.

ಚಕ್ರ ನೆಲದಲ್ಲಿರುವಾಗಲೇ, ಒಬ್ಬರು ಬ್ರೇಕು ತುಳಿದಿರುವಂತೆ, ಉಳಿಯಿಂದ ಹಬ್ ನಟ್ಟಿನ ತಗ್ಗಿಸಿದ ಅಂಚನ್ನು ಬಿಡಿಸಿ ನಟ್ಟನ್ನು ಸಡಿಲಿಸಬೇಕು. ಇದಕ್ಕೆ ಉದ್ದ ಹಿಡಿಯ ಸ್ಪ್ಯಾನರ್ ಬೇಕು. ಅರ್ಧ ದಿನದ ಬೆವರು ಇಲ್ಲೇ ಹೋಗುವುದುಂಟು. ಬಳಿಕ ಕಾರನ್ನು ಎತ್ತಿ ಚಕ್ರ ಬಿಚ್ಚಿ, ಗೇರ್ ಆಯಿಲನ್ನು ತಗಡಿನ ಡಬ್ಬಿಗೆ ಇಳಿಸಿರಿ. ಕೆಳಗಿನ ಬಾಲ್ ಜಾಯಿಂಟಿನ ಬೋಲ್ಟು ತೆಗೆದು ಬಿಡಿಸಿದರೆ ಚಕ್ರದ ಹಬ್ ಹೊರಕ್ಕೆ ಸರಿದು ಆಕ್ಸಲ್ಲಿನ ತುದಿ ಹೊರಬರುತ್ತದೆ. ಬ್ರೇಕಿನ ಹೋಸ್ ಪೈಪು ಎಳೆಯದಂತೆ ನೋಡಿಕೊಳ್ಳಿ. ಎ.ಬಿ.ಎಸ್. ಇರುವ ಕಾರಾದರೆ ಅದರ ವಯರನ್ನೂ ಕಾಯಬೇಕು. ಒಳತುದಿಯನ್ನು ಗೇರ್ ಬಾಕ್ಸಿನಿಂದ ಮೀಟಿ ತೆಗೆಯಬೇಕೇ ಹೊರತು ಆಕ್ಸಲನ್ನು ಹಿಡಿದು ಜಗ್ಗಬಾರದು, ಜಗ್ಗಿದರೆ ಒಳಜಾಯಿಂಟು ಕಳಚಿಕೊಳ್ಳಬಹುದು.

ಹೊಸ ಸೀಲಿನ ಅಂಚಿಗೆ ಎಣ್ಣೆ ಸವರಿ, ಆಕ್ಸಲನ್ನು ನೇರವಾಗಿ ತಳ್ಳಿರಿ. ಕೊನೆಯ ಸರ್ಕ್ಲಿಪ್ ಟಕ್ಕೆಂದು ಕೂರಬೇಕು. ಕೈಯಿಂದ ಮೆಲ್ಲಗೆ ಎಳೆದರೂ ಹೊರಬರಬಾರದು. ಉಳಿದುದನ್ನು ಬಿಚ್ಚಿದ ಕ್ರಮಕ್ಕೆ ತಿರುಗಿಸಿ ಜೋಡಿಸಿ. ಹಬ್ ನಟ್ಟನ್ನು ಮೊದಲು ಕೈಲಾದಷ್ಟು ಬಿಗಿದು, ಚಕ್ರ ಹಾಕಿ ಕಾರನ್ನು ಇಳಿಸಿದ ಮೇಲೆ, ಒಂದಡಿಯೂ ಉರುಳಿಸದೆ, ಕಾರಿನ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿದು ಅಂಚನ್ನು ಮತ್ತೆ ತಗ್ಗಿಸಬೇಕು. ಸಡಿಲವಿದ್ದಾಗ ಉರುಳಿಸಿದರೆ ಬೇರಿಂಗು ಕೆಡುತ್ತದೆ. ಈ ಸ್ಪ್ಯಾನರ್ ಮನೆಮನೆಗೂ ಬೇಕಿಲ್ಲ. ನಾಲ್ಕಾರು ಸದಸ್ಯರು ಸೇರಿ ಒಂದನ್ನು ಕೊಂಡರೆ ಸಾಕೆಂದು ನಮ್ಮ ಅಭಿಪ್ರಾಯ.

ಗೇರ್ ಆಯಿಲ್ ತುಂಬಿ, ಅಂಗಳದಲ್ಲಿ ನಿಧಾನವಾಗಿ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿರಿ. ರಾತ್ರಿ ಗೇರ್ ಬಾಕ್ಸಿನ ಕೆಳಗೆ ಹಳೆಯ ಪತ್ರಿಕೆ ಹಾಸಿಟ್ಟು, ಬೆಳಿಗ್ಗೆ ಎಣ್ಣೆಯ ಹನಿ ಇದೆಯೇ ಎಂದು ಗಮನಿಸಿ. ಹನಿಯಿದ್ದರೆ ಸೀಲು ಸರಿಯಾಗಿ ಕುಳಿತಿಲ್ಲ. ಪೇಟೆಗೆ ಹೊರಡುವ ಮುಂಚೆಯೇ ಅದನ್ನು ಸರಿಪಡಿಸಿಕೊಳ್ಳಬೇಕು.